ವಿಟಮಿನ್ ಕೊಟ್ಟರೆ ಮೇಕೆಗೆ ಉಣ್ಣೆ ಹತ್ತುವುದಿಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಮೇಕೆ ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ನೀವಿದ್ದರೆ ಇಂಥ ಸಂದೇಶಗಳು ನಿಮಗೂ ಬಂದಿರುತ್ತವೆ. ಅವುಗಳ ಸಾರ ಹೆಚ್ಚುಕಡಿಮೆ ಒಂದೇ: ತಿಂಗಳಿಗೊಮ್ಮೆ ವಿಟಮಿನ್ ಇಂಜೆಕ್ಷನ್ ಕೊಡಿಸಿ, ಉಣ್ಣೆ ಹತ್ತಿರ ಸುಳಿಯುವುದಿಲ್ಲ. ಬಿ1 ಮಾತ್ರೆ ಕೊಟ್ಟರೆ ರಕ್ತದ ವಾಸನೆ ಬದಲಾಗಿ ಹೇನು ಉದುರಿ ಹೋಗುತ್ತವೆ. ಹಿಂಡಿಯಲ್ಲಿ ಒಂದು ಚಮಚ ಗಂಧಕ ಕಲಸಿ. ಕಜ್ಜಿಗೆ ಹಳೆ ಎಂಜಿನ್ ಆಯಿಲ್ ಹಚ್ಚಿ. ಕೊನೆಯ ಸಾಲು ನಿಮಗೆ ಗೊತ್ತೇ ಇದೆ: ಎಲ್ಲ ರೈತರಿಗೂ ತಲುಪುವವರೆಗೆ ಶೇರ್ ಮಾಡಿ.

ಕಳಿಸುವವರ ಉದ್ದೇಶ ಒಳ್ಳೆಯದೇ ಇರುತ್ತದೆ. ಆದರೆ 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಇದ್ದ ಸುಮಾರು 14.9 ಕೋಟಿ ಮೇಕೆಗಳಲ್ಲಿ ಬಹುಪಾಲು ಇರುವುದು ಸಣ್ಣ ರೈತರ, ಜಮೀನಿಲ್ಲದವರ ಮನೆಗಳಲ್ಲಿ. ನಾಲ್ಕು ಮೇಕೆ ಕಟ್ಟಿಕೊಂಡ ಮನೆಗೆ ಮಗಳ ಕಾಲೇಜು ಫೀಸು, ಅಜ್ಜಿಯ ಆಸ್ಪತ್ರೆ ಖರ್ಚು ಎಲ್ಲವೂ ಆ ನಾಲ್ಕು ಪ್ರಾಣಿಗಳ ಮೇಲೇ ನಿಂತಿರುತ್ತದೆ. ಅಲ್ಲಿ ಒಂದು ತಪ್ಪು ಸಲಹೆಯ ಬೆಲೆ ಒಂದು ಮೇಕೆ. ಹಾಗಾಗಿ ಈ ಸಂದೇಶಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಒಂದೊಂದಾಗಿ ನೋಡೋಣ.

ಮೇಕೆಯ ಹೊಟ್ಟೆಯಲ್ಲೇ ಇದೆ ವಿಟಮಿನ್ ಕಾರ್ಖಾನೆ

ಮನುಷ್ಯರಿಗೆ ವಿಟಮಿನ್ ಹೇಗೋ ಮೇಕೆಗೂ ಹಾಗೆಯೇ ಎಂದು ನಾವು ಅಂದುಕೊಳ್ಳುತ್ತೇವೆ. ಇದು ಪೂರ್ತಿ ಸರಿಯಲ್ಲ. ಮೇಕೆ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯ ಮೊದಲ ದೊಡ್ಡ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಮೇವನ್ನು ಕೊಳೆಸಿ ಜೀರ್ಣಕ್ಕೆ ಅಣಿ ಮಾಡುವ ಜೊತೆಗೆ, ಬಿ ಗುಂಪಿನ ವಿಟಮಿನ್‌ಗಳನ್ನೂ ವಿಟಮಿನ್ ಕೆಯನ್ನೂ ಇವೇ ತಯಾರಿಸಿ ಕೊಡುತ್ತವೆ. ವಿಟಮಿನ್ ಸಿಯನ್ನು ಮೇಕೆಯ ಲಿವರ್ ತಾನೇ ಮಾಡಿಕೊಳ್ಳುತ್ತದೆ. ನಮ್ಮ ಹಾಗೆ ಅದಕ್ಕೆ ನಿಂಬೆಹಣ್ಣು, ನೆಲ್ಲಿಕಾಯಿ ಬೇಕಿಲ್ಲ.

ಹೊರಗಿನಿಂದ ಬರಬೇಕಾದವು ಮುಖ್ಯವಾಗಿ ಎ, ಡಿ ಮತ್ತು ಇ. ಇವೂ ಸಾಮಾನ್ಯವಾಗಿ ಮೇಯುವಾಗಲೇ ಸಿಗುತ್ತವೆ. ಹಸಿರು ಸೊಪ್ಪಿನಲ್ಲಿರುವ ಕ್ಯಾರೋಟಿನ್ ಎಂಬ ಹಳದಿ ವಸ್ತುವಿನಿಂದ ಮೇಕೆ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಈ ಕೆಲಸದಲ್ಲಿ ಅದು ಎಷ್ಟು ಚುರುಕು ಎಂದರೆ ಹಾಲಿಗೆ ಕ್ಯಾರೋಟಿನ್ ಉಳಿಯುವುದೇ ಇಲ್ಲ. ಹಸುವಿನ ಹಾಲು, ಬೆಣ್ಣೆ ತುಸು ಹಳದಿಯಾಗಿದ್ದು ಮೇಕೆ ಹಾಲು ಅಚ್ಚ ಬಿಳಿ ಇರುವುದಕ್ಕೆ ಇದೇ ಕಾರಣ. ವಿಟಮಿನ್ ಇ ಕೂಡ ಹಸಿರು ಮೇವಿನಿಂದ ಬರುತ್ತದೆ. ವಿಟಮಿನ್ ಡಿ ಬಿಸಿಲು ಬಿದ್ದ ಚರ್ಮದಲ್ಲಿ ತಾನಾಗಿ ಉತ್ಪತ್ತಿಯಾಗುತ್ತದೆ.

ಅಂದರೆ ದಿನಾ ಹೊರಗೆ ಮೇಯ್ದು, ಸೊಪ್ಪು ತಿಂದು, ಬಿಸಿಲು ಕಾಯಿಸಿಕೊಳ್ಳುವ ದೊಡ್ಡ ಮೇಕೆಗೆ ತಿಂಗಳಿಗೊಮ್ಮೆ ವಿಟಮಿನ್ ಚುಚ್ಚಿಸಬೇಕು ಎಂಬುದಕ್ಕೆ ಆಧಾರವಿಲ್ಲ.

ಹಾಗಾದರೆ ವಿಟಮಿನ್ ಬೇಕಾಗುವುದು ಯಾವಾಗ?

ಬೇಡವೇ ಬೇಡ ಎಂದಲ್ಲ. ಕೆಲವು ಸಂದರ್ಭಗಳಲ್ಲಿ ನಿಜಕ್ಕೂ ಬೇಕು.

ಮೊದಲನೆಯದು ದೀರ್ಘ ಬೇಸಿಗೆ, ಬರ. ಹಸಿರು ಕಾಣದೆ ತಿಂಗಳುಗಟ್ಟಲೆ ಬರೀ ಒಣಹುಲ್ಲು, ಜೋಳದ ದಂಟು ತಿನ್ನುವ ಮೇಕೆಗೆ ವಿಟಮಿನ್ ಎ ಕೊರತೆ ಬರಬಹುದು. ಲಿವರಿನಲ್ಲಿ ಸಂಗ್ರಹವಾಗಿದ್ದ ದಾಸ್ತಾನು ಕೆಲವು ತಿಂಗಳು ನಡೆಸುತ್ತದೆ, ಆಮೇಲೆ ಮುಗಿಯುತ್ತದೆ. ಮುಸ್ಸಂಜೆಯಲ್ಲಿ ದಾರಿ ಕಾಣದೆ ಎಡವುವುದು, ಕಣ್ಣಲ್ಲಿ ನೀರು, ಒರಟಾದ ಕೂದಲು, ದುರ್ಬಲ ಮರಿಗಳು ಇದರ ಲಕ್ಷಣ.

ಎರಡನೆಯದು ಎಳೆ ಮರಿಗಳು. ಹುಟ್ಟಿದಾಗ ಅವುಗಳ ಹೊಟ್ಟೆಯ ಕಾರ್ಖಾನೆ ಇನ್ನೂ ಶುರುವಾಗಿರುವುದಿಲ್ಲ. ಅದು ಸರಿಯಾಗಿ ಕೆಲಸಕ್ಕೆ ಇಳಿಯಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ತಾಯಿಯ ಗಿಣ್ಣುಹಾಲು, ಹಾಲೇ ಆಧಾರ. ತಾಯಿಗೆ ಗಬ್ಬದ ಕೊನೆಯ ದಿನಗಳಲ್ಲಿ ಸರಿಯಾದ ಮೇವು ಬಿದ್ದಿದ್ದರೆ ಗಿಣ್ಣುಹಾಲಿನಲ್ಲಿ ಎ ಮತ್ತು ಇ ವಿಟಮಿನ್ ಹೇರಳವಾಗಿರುತ್ತವೆ. ಹುಟ್ಟಿದ ಕೂಡಲೇ ಗಿಣ್ಣುಹಾಲು ಕುಡಿಸುವುದು ಯಾವ ಟಾನಿಕ್‌ಗಿಂತಲೂ ದೊಡ್ಡ ಮದ್ದು.

ಮೂರನೆಯದು, ಅಟ್ಟಣೆ ಮೇಲೆ, ಶೆಡ್ಡಿನೊಳಗೇ ಕಟ್ಟಿ ಸಾಕುವ ಮೇಕೆಗಳು. ಬಿಸಿಲು, ಹಸಿರು ಎರಡೂ ಕಡಿಮೆಯಾದರೆ ಡಿ ಮತ್ತು ಎ ಕೊರತೆಗೆ ದಾರಿ.

ನಾಲ್ಕನೆಯದು ಕಾಯಿಲೆಯಲ್ಲಿ ಮೇವು ಬಿಟ್ಟ ಮೇಕೆ. ಮೇವು ಹೋಗದಿದ್ದರೆ ಹೊಟ್ಟೆಯ ಸೂಕ್ಷ್ಮಜೀವಿಗಳಿಗೂ ಕೆಲಸವಿಲ್ಲ. ಆಗ ಡಾಕ್ಟರು ಬಿ ಕಾಂಪ್ಲೆಕ್ಸ್ ಕೊಡುವುದು ಸರಿಯಾದ ಕ್ರಮ.

ಇನ್ನೊಂದು ಎಚ್ಚರಿಕೆ. ಬಿ ಗುಂಪಿನ ವಿಟಮಿನ್ ಹೆಚ್ಚಾದರೆ ಸಾಮಾನ್ಯವಾಗಿ ಉಚ್ಚೆಯಲ್ಲಿ ಹೋಗುತ್ತದೆ. ಎ ಮತ್ತು ಡಿ ಹಾಗಲ್ಲ, ಅವು ಮೈಯಲ್ಲೇ ಉಳಿದು ಶೇಖರಣೆಯಾಗುತ್ತವೆ. ವಿಟಮಿನ್ ಡಿ ಮಿತಿಮೀರಿದರೆ ಮೂಳೆಗೆ ಹೋಗಬೇಕಾದ ಸುಣ್ಣದ ಅಂಶ ಮೂತ್ರಪಿಂಡ, ರಕ್ತನಾಳಗಳಲ್ಲಿ ಕೂರುತ್ತದೆ. "ಕೊಟ್ಟರೆ ನಷ್ಟ ಏನು, ಟಾನಿಕ್ ತಾನೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಬಿ1 ತಿಂದರೆ ಹುಳು ಕಚ್ಚುವುದಿಲ್ಲ: ಈ ಕಥೆ ಎಲ್ಲಿಂದ ಬಂತು?

ಇದು ವಾಟ್ಸಾಪ್‌ಗಿಂತ ಬಹಳ ಹಳೆಯದು, ಅದೂ ಮೇಕೆಗಳ ಬಗ್ಗೆ ಅಲ್ಲ, ಮನುಷ್ಯರ ಬಗ್ಗೆ. 1943ರಲ್ಲಿ ಅಮೆರಿಕದ ಮಿನ್ನೆಸೋಟಾದ ಒಬ್ಬ ಮಕ್ಕಳ ವೈದ್ಯರು, ಬಿ1 ವಿಟಮಿನ್ ಅಂದರೆ ಥಯಾಮಿನ್ ಕೊಟ್ಟರೆ ಸೊಳ್ಳೆ ಕಾಟ ಕಡಿಮೆಯಾಗುತ್ತದೆ ಎಂದು ಕೆಲವೇ ರೋಗಿಗಳ ಅನುಭವದ ಮೇಲೆ ಬರೆದರು. ಮಾತು ಹಬ್ಬಿತು. ಆಮೇಲೆ ಸರಿಯಾಗಿ ಹೋಲಿಕೆ ಮಾಡಿ ನಡೆಸಿದ ಪರೀಕ್ಷೆಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. 1985ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ನುಂಗುವ ಕೀಟನಿವಾರಕ ಎಂದು ಹೇಳಿಕೊಂಡು ಥಯಾಮಿನ್ ಮಾತ್ರೆ ಮಾರುವುದಕ್ಕೇ ತಡೆ ಹಾಕಿತು.

ಆದರೂ ಕಥೆ ಸಾಯಲಿಲ್ಲ. ಸೊಳ್ಳೆಯಿಂದ ನಾಯಿಯ ಚಿಗಟಕ್ಕೆ, ಅಲ್ಲಿಂದ ದನದ ಉಣ್ಣೆಗೆ, ಈಗ ಮೇಕೆಗೆ ಬಂದು ನಿಂತಿದೆ. ಮೇಕೆಯ ವಿಷಯದಲ್ಲಂತೂ ಇದಕ್ಕೆ ಅರ್ಥವೇ ಇಲ್ಲ, ಏಕೆಂದರೆ ಆರೋಗ್ಯವಾಗಿರುವ ಮೇಕೆಯ ಹೊಟ್ಟೆಯಲ್ಲಿ ಬಿ1 ದಿನವಿಡೀ ತಯಾರಾಗುತ್ತಲೇ ಇರುತ್ತದೆ. ಅದರಿಂದ ಉಣ್ಣೆ ದೂರ ಹೋಗುವಂತಿದ್ದರೆ ಮೇಕೆಗಳಿಗೆ ಉಣ್ಣೆಯೇ ಇರುತ್ತಿರಲಿಲ್ಲ.

ಗಂಧಕ ತಿನ್ನಿಸುವ ಸಲಹೆ: ನಿಜವಾದ ಅಪಾಯ ಇಲ್ಲಿದೆ

ಬಿ1 ಮಾತ್ರೆಯಿಂದ ಹೋಗುವುದು ದುಡ್ಡು ಮಾತ್ರ. ಗಂಧಕದಿಂದ ಮೇಕೆಯೇ ಹೋಗಬಹುದು.

ಗಂಧಕ ಕಜ್ಜಿಗೆ ಹಳೆಯ ಮದ್ದು, ನಿಜ. ಗಂಧಕದ ಮುಲಾಮನ್ನು ಚರ್ಮಕ್ಕೆ ಹಚ್ಚಿದರೆ ಕಜ್ಜಿ ಹುಳು ಸಾಯುತ್ತದೆ. "ಹಚ್ಚಿದರೆ ಸಾಯುತ್ತದೆ" ಎಂಬುದು ಬಾಯಿಂದ ಬಾಯಿಗೆ ಹೋಗುತ್ತಾ "ತಿನ್ನಿಸಿದರೆ ಬರುವುದೇ ಇಲ್ಲ" ಎಂದಾಗಿದೆ. ಹಚ್ಚುವುದು ಬೇರೆ, ತಿನ್ನಿಸುವುದು ಬೇರೆ.

ತಿಂದ ಗಂಧಕವನ್ನು ಹೊಟ್ಟೆಯ ಸೂಕ್ಷ್ಮಜೀವಿಗಳು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮಾರ್ಪಡಿಸುತ್ತವೆ. ಇದು ವಿಷಾನಿಲ. ಮೇಕೆ ತೇಗಿದಾಗ ಇದೇ ಅನಿಲ ಶ್ವಾಸಕೋಶಕ್ಕೂ ಹೋಗಿ, ರಕ್ತದ ಮೂಲಕ ಮಿದುಳನ್ನು ತಲುಪುತ್ತದೆ. ಮಿದುಳಿನ ಭಾಗ ಮೆತ್ತಗಾಗಿ ಹಾಳಾಗುತ್ತದೆ. ಮೇಕೆ ಹಿಂಡಿನಿಂದ ದೂರ ನಿಲ್ಲುತ್ತದೆ, ಕಣ್ಣು ಕಾಣದೆ ಗೋಡೆಗೆ ತಲೆ ಒತ್ತುತ್ತದೆ, ತಲೆ ಹಿಂದಕ್ಕೆ ಬಾಗಿ ಆಕಾಶ ನೋಡುತ್ತಾ ನಿಂತುಬಿಡುತ್ತದೆ. ಆಮೇಲೆ ನೆಲಕ್ಕೆ ಬಿದ್ದು ಒದ್ದಾಡುತ್ತದೆ.

ಲೆಕ್ಕ ಹಾಕಿ ನೋಡಿ. 25 ಕೆಜಿಯ ಮೇಕೆ ದಿನಕ್ಕೆ ತಿನ್ನುವ ಮೇವಿನಲ್ಲಿ ನೀರಿನಂಶ ಕಳೆದರೆ ಸುಮಾರು ಒಂದು ಕೆಜಿ ಒಣ ಪದಾರ್ಥ ಇರುತ್ತದೆ. ಅದರಲ್ಲಿ ಒಟ್ಟು ಗಂಧಕ ಶೇಕಡಾ 0.4ನ್ನು, ಅಂದರೆ 4 ಗ್ರಾಂ ಅನ್ನು ದಾಟಬಾರದು. ಮೇವಿನಲ್ಲೇ ಸ್ವಲ್ಪ ಗಂಧಕ ಸಹಜವಾಗಿ ಇರುತ್ತದೆ. ಅದರ ಮೇಲೆ ದಿನಾ ಒಂದು ಚಮಚ ಹಾಕಿದರೆ ಮಿತಿ ದಾಟಿದಂತೆಯೇ. ಜೊತೆಗೆ ಹೆಚ್ಚಿನ ಗಂಧಕ ತಾಮ್ರದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ಅದರಿಂದ ರಕ್ತಹೀನತೆ, ಕೂದಲು ಬಣ್ಣಗೆಡುವುದು ಬೇರೆ.

ಇದೇ ಮಿದುಳಿನ ಕಾಯಿಲೆ ಬಿ1 ಕೊರತೆಯಿಂದಲೂ ಬರುತ್ತದೆ. ಮೇಕೆ ಇದ್ದಕ್ಕಿದ್ದಂತೆ ರಾಶಿ ಜೋಳ, ಅಕ್ಕಿ, ಅನ್ನ ತಿಂದಾಗ ಹೊಟ್ಟೆ ಹುಳಿಯಾಗಿ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ಬಿ1 ಅನ್ನು ಹಾಳುಮಾಡುವಂಥವು ಹೆಚ್ಚುತ್ತವೆ. ಮರಿಗಳ ರಕ್ತಭೇದಿಗೆ ಕೊಡುವ ಆಂಪ್ರೋಲಿಯಂ ಔಷಧವನ್ನು ಹೇಳಿದ್ದಕ್ಕಿಂತ ಹೆಚ್ಚು ದಿನ ಕೊಟ್ಟರೂ ಹೀಗಾಗಬಹುದು, ಏಕೆಂದರೆ ಆ ಔಷಧ ಕೆಲಸ ಮಾಡುವುದೇ ಬಿ1ಗೆ ಅಡ್ಡ ಬಂದು. ಇಲ್ಲಿ ಬಿ1 ಇಂಜೆಕ್ಷನ್ ಜೀವ ಉಳಿಸುವ ಮದ್ದು. ಬೇಗ ಡಾಕ್ಟರ ಕೈಗೆ ಸಿಕ್ಕರೆ ಕೆಲವು ಗಂಟೆಗಳಲ್ಲೇ ಮೇಕೆ ಚೇತರಿಸಿಕೊಳ್ಳುವುದುಂಟು. ಉಣ್ಣೆಗೆ ಬಾರದ ಬಿ1 ಇಲ್ಲಿ ಬೇಕು, ಒಂದು ದಿನವೂ ತಡಮಾಡದೆ ಬೇಕು. ನೆನಪಿಡಬೇಕಾದದ್ದು ಇದು.

ಕೊರತೆಯೋ, ಹುಳುವೋ? ಗೊಂದಲ ಇಲ್ಲೇ ಹುಟ್ಟುವುದು

ಇಂಥ ಸಂದೇಶಗಳನ್ನು ಜನ ನಂಬುವುದಕ್ಕೆ ಒಂದು ಕಾರಣವಿದೆ. ಹುಳುವಿನ ಕಾಟ, ಪೋಷಣೆಯ ಕೊರತೆ ಎರಡೂ ನೋಡಲು ಒಂದೇ ಥರ. ಕೂದಲು ಉದುರುತ್ತದೆ, ಮೇಕೆ ಬಡಕಲಾಗುತ್ತದೆ, ಹಾಲು ಇಳಿಯುತ್ತದೆ, ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುತ್ತದೆ.

ರಕ್ತಹೀನತೆಯನ್ನೇ ತೆಗೆದುಕೊಳ್ಳಿ. 25 ಕೆಜಿ ಮೇಕೆಯ ಮೈಯಲ್ಲಿ ಇರುವುದು ಒಂದೂಮುಕ್ಕಾಲು ಲೀಟರ್‌ನಷ್ಟು ರಕ್ತ. ದೊಡ್ಡ ಜಾತಿಯ ಒಂದು ಹೆಣ್ಣು ಉಣ್ಣೆ ಹೊಟ್ಟೆ ತುಂಬುವಷ್ಟರಲ್ಲಿ ಅರ್ಧದಿಂದ ಒಂದು ಮಿಲಿ ಲೀಟರ್ ರಕ್ತ ಹೀರಬಲ್ಲದು. ಹೊಟ್ಟೆಯೊಳಗಿನ ರಕ್ತ ಹೀರುವ ಜಂತು, ಹಿಮಾಂಕಸ್ ಎಂಬುದು, ಒಂದೊಂದೂ ದಿನಕ್ಕೆ 0.05 ಮಿಲಿ ಲೀಟರ್ ರಕ್ತ ನಷ್ಟ ಮಾಡುತ್ತದೆ. ಸಾವಿರ ಜಂತು ಇದ್ದರೆ ದಿನಕ್ಕೆ 50 ಮಿಲಿ ಲೀಟರ್. ಒಂದು ಕಡೆ ತೂತಾದ ಕೊಡಕ್ಕೆ ಇನ್ನೊಂದು ಕಡೆಯಿಂದ ಟಾನಿಕ್ ಸುರಿದರೆ ತುಂಬುತ್ತದೆಯೇ? ಮೊದಲು ತೂತು ಮುಚ್ಚಬೇಕು.

ಕಜ್ಜಿಯದ್ದೂ ಇದೇ ಕಥೆ. ಸತುವಿನ ಕೊರತೆ ಇದ್ದರೂ ಚರ್ಮ ದಪ್ಪಗಾಗಿ, ಹೊಪ್ಪಳೆ ಎದ್ದು ಕೂದಲು ಉದುರುತ್ತದೆ. ಕಜ್ಜಿ ಹುಳುವಿನಿಂದಲೂ ಹಾಗೇ ಆಗುತ್ತದೆ. ಸಾಮಾನ್ಯವಾಗಿ ಕಜ್ಜಿ ಹುಳು ಇದ್ದರೆ ವಿಪರೀತ ತುರಿಕೆ, ಮೇಕೆ ಕಂಬಕ್ಕೆ ಗೋಡೆಗೆ ಉಜ್ಜಿಕೊಳ್ಳುತ್ತಲೇ ಇರುತ್ತದೆ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಕೊರತೆಯಲ್ಲಿ ತುರಿಕೆ ಅಷ್ಟಿರುವುದಿಲ್ಲ. ಖಚಿತವಾಗಬೇಕಾದರೆ ಪಶು ಆಸ್ಪತ್ರೆಯಲ್ಲಿ ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಾಗೆಯೇ ಹಿಕ್ಕೆ ಪರೀಕ್ಷೆ ಮಾಡಿಸಿದರೆ ಜಂತುಹುಳು ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಸಂದೇಶದಲ್ಲಿ ಒಂದು ಕಾಳಿನಷ್ಟು ನಿಜವೂ ಇದೆ, ಅದನ್ನೂ ಹೇಳಬೇಕು. ಚೆನ್ನಾಗಿ ತಿಂದುಂಡ ಮೇಕೆಯ ಚರ್ಮ ಗಟ್ಟಿಯಾಗಿರುತ್ತದೆ, ರೋಗ ನಿರೋಧಕ ಶಕ್ತಿ ಚೆನ್ನಾಗಿರುತ್ತದೆ, ಅದು ಮೈಯನ್ನು ನೆಕ್ಕಿ ಕೆರೆದು ಚೊಕ್ಕಟ ಇಟ್ಟುಕೊಳ್ಳುತ್ತದೆ. ಬಡಕಲು ಮೇಕೆಯ ಮೇಲೆ ಹೇನು ಬೇಗ ಹೆಚ್ಚುತ್ತವೆ. ಒಳ್ಳೆಯ ಪೋಷಣೆ ಹುಳುವಿನ ಹೊಡೆತವನ್ನು ತಾಳಿಕೊಳ್ಳಲು, ಬೇಗ ಚೇತರಿಸಿಕೊಳ್ಳಲು ನೆರವಾಗುತ್ತದೆ. ಆದರೆ ಹತ್ತಿದ ಹುಳುವನ್ನು ಯಾವ ವಿಟಮಿನ್ನೂ ಕೊಲ್ಲುವುದಿಲ್ಲ.

ಉಣ್ಣೆ, ಹೇನು, ಚಿಗಟ, ಕಜ್ಜಿ: ಒಂದೊಂದಕ್ಕೂ ಒಂದೊಂದು ದಾರಿ

"ಹುಳು" ಎಂದು ಒಂದೇ ಹೆಸರಿನಿಂದ ಕರೆದರೂ ಇವುಗಳ ಬದುಕು ಬೇರೆ ಬೇರೆ. ಅದಕ್ಕೇ ಒಂದು ಮದ್ದು ಎಲ್ಲಕ್ಕೂ ಆಗುವುದಿಲ್ಲ.

ಉಣ್ಣೆ, ಮಲೆನಾಡಿನವರು ಹೇಳುವ ಉಣುಗು, ರಕ್ತ ಕುಡಿದು ಊದಿಕೊಂಡ ಮೇಲೆ ಕೆಳಗೆ ಬೀಳುತ್ತದೆ. ಗೋಡೆ ಬಿರುಕು, ಕಲ್ಲಿನ ಸಂದು, ಕಸದ ಅಡಿಯಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಹಲವು ಜಾತಿಯ ಉಣ್ಣೆಗಳು ಆಯುಸ್ಸಿನ ಬಹುಭಾಗವನ್ನು ಕಳೆಯುವುದು ಮೇಕೆಯ ಮೈಮೇಲಲ್ಲ, ಕೊಟ್ಟಿಗೆಯಲ್ಲಿ ಮತ್ತು ಹುಲ್ಲುಗಾವಲಿನಲ್ಲಿ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು. ಆದ್ದರಿಂದ ಮೇಕೆಗೆ ಮಾತ್ರ ಮದ್ದು ಹೊಡೆದು ಕೊಟ್ಟಿಗೆಯನ್ನು ಹಾಗೇ ಬಿಟ್ಟರೆ ಎರಡು ವಾರದಲ್ಲಿ ಮತ್ತೆ ಅದೇ ಪಾಡು.

ಹೇನು ಇದಕ್ಕೆ ತದ್ವಿರುದ್ಧ. ಇಡೀ ಜೀವನ ಮೇಕೆಯ ಮೈಮೇಲೇ. ಮೇಕೆಯ ಹೇನು ಮನುಷ್ಯರ ಮೇಲೆ ಬಾಳುವುದಿಲ್ಲ, ಹಾಗಾಗಿ ಮಕ್ಕಳ ತಲೆಹೇನಿಗೆ ಮೇಕೆಯನ್ನು ದೂರಬೇಡಿ. ಚಳಿಗಾಲದಲ್ಲಿ, ಮೇಕೆಗಳು ಒತ್ತೊತ್ತಾಗಿ ಮಲಗಿದಾಗ ಹೆಚ್ಚುತ್ತವೆ. ಹೆಚ್ಚಿನ ಔಷಧಗಳು ಹೇನನ್ನು ಕೊಲ್ಲುತ್ತವೆ, ಕೂದಲಿಗೆ ಅಂಟಿದ ಸೀರನ್ನು ಕೊಲ್ಲುವುದಿಲ್ಲ. ಅದಕ್ಕೇ ಸುಮಾರು 14 ದಿನ ಬಿಟ್ಟು ಎರಡನೇ ಸಲ ಮಾಡಲೇಬೇಕು. ಇನ್ನೊಂದು ಸೂಕ್ಷ್ಮ: ರಕ್ತ ಹೀರುವ ಹೇನಿಗೆ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೆಲಸ ಮಾಡುತ್ತದೆ. ಚರ್ಮದ ಹೊಟ್ಟು ತಿಂದು ಬದುಕುವ ಕಚ್ಚುವ ಹೇನಿಗೆ ಅಷ್ಟಾಗಿ ನಾಟುವುದಿಲ್ಲ, ಮೈಮೇಲೆ ಹಾಕುವ ಮದ್ದೇ ಬೇಕು. "ಇಂಜೆಕ್ಷನ್ ಕೊಡಿಸಿದರೂ ಹೇನು ಹೋಗಲಿಲ್ಲ" ಎಂಬ ದೂರಿಗೆ ಇದೂ ಒಂದು ಕಾರಣ.

ಚಿಗಟ ಮೈಮೇಲೆ ಕಾಣುವುದು ಸ್ವಲ್ಪವೇ. ಮೊಟ್ಟೆ, ಮರಿಹುಳು ಎಲ್ಲ ನೆಲದ ಧೂಳಿನಲ್ಲಿ, ಹಿಕ್ಕೆಯ ರಾಶಿಯಲ್ಲಿ. ಗುಡಿಸಿ, ಹಿಕ್ಕೆ ಹೊರಹಾಕಿ, ನೆಲ ಒಣಗಿಸದೆ ಚಿಗಟ ಹೋಗುವುದಿಲ್ಲ.

ಕಜ್ಜಿ ಹುಳು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಚರ್ಮದೊಳಗೆ ಬಿಲ ತೋಡುತ್ತದೆ. ಮೂತಿ, ಕಿವಿ, ಕಣ್ಣಿನ ಸುತ್ತ ಶುರುವಾಗಿ ಹರಡುತ್ತದೆ. ಕೆಲವು ಬಗೆಯವು ಮೇಕೆ ಮುಟ್ಟಿದವರಿಗೂ ಸ್ವಲ್ಪ ದಿನ ತುರಿಕೆ ತರಬಲ್ಲವು. ಇದಕ್ಕೆ ಐವರ್‌ಮೆಕ್ಟಿನ್ ಒಳ್ಳೆಯ ಮದ್ದು, ಆದರೆ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಡಾಕ್ಟರು ಹೇಳಿದ ಅಂತರದಲ್ಲಿ ಮತ್ತೆ ಕೊಡಿಸಬೇಕು. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ಬಂದ ಮದ್ದು ಇದು. ಇದರ ಮೂಲವಸ್ತುವನ್ನು ಕಂಡುಹಿಡಿದ ಸತೋಷಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಹಾಲು ಕರೆಯುವ ಮೇಕೆಗೆ ಇದನ್ನು ಕೊಟ್ಟರೆ ಔಷಧದ ಅಂಶ ಹಾಲಿಗೆ ಬರುತ್ತದೆ. ಮನೆಯ ಮಗು ಅದೇ ಹಾಲು ಕುಡಿಯುತ್ತದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಹೊಲದ ಔಷಧಿ, ಎಂಜಿನ್ ಆಯಿಲ್, ಹೊಗೆಸೊಪ್ಪು: ಇವು ಬೇಡವೇ ಬೇಡ

"ಒಂದು ಲೀಟರ್ ನೀರಿಗೆ 2 ಮಿಲಿ ಹಾಕಿ ಹೊಡೆಯಿರಿ" ಎಂದು ಸಂದೇಶ ಹೇಳುತ್ತದೆ. ಯಾವುದರ 2 ಮಿಲಿ? ಜಾನುವಾರುಗಳಿಗೆಂದು ಬರುವ ಡೆಲ್ಟಾಮೆಥ್ರಿನ್ ಸಾಮಾನ್ಯವಾಗಿ ಶೇಕಡಾ 1.25ರದ್ದು. ಹತ್ತಿ, ತರಕಾರಿಗೆ ಹೊಡೆಯುವ ಸೈಪರ್‌ಮೆಥ್ರಿನ್ ಶೇಕಡಾ 10 ಅಥವಾ 25ರದ್ದು. ಬಾಟಲಿ ಬದಲಾದರೆ ಅದೇ 2 ಮಿಲಿಯಲ್ಲಿ ವಿಷದ ಪ್ರಮಾಣ 20 ಪಟ್ಟು ಆಗಬಹುದು. ಅದರಲ್ಲಿ ಕಲಸಿರುವ ದ್ರಾವಕವೂ ಚರ್ಮಕ್ಕೆ ಹಾಕುವಂಥದ್ದಲ್ಲ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಥರದ ಬೆಳೆ ಔಷಧಿಗಳು ಚರ್ಮದ ಮೂಲಕವೇ ಮೈಗೆ ಇಳಿಯುತ್ತವೆ. ಬಾಯಲ್ಲಿ ಜೊಲ್ಲು, ನಡುಕ, ಉಸಿರಾಟಕ್ಕೆ ಕಷ್ಟ ಕಂಡರೆ ವಿಷ ಏರಿದೆ ಎಂದರ್ಥ. ತಕ್ಷಣ ಮೈ ತೊಳೆದು ಡಾಕ್ಟರನ್ನು ಕರೆಯಿರಿ, ಬಾಟಲಿಯನ್ನು ಬಿಸಾಡದೆ ಅವರಿಗೆ ತೋರಿಸಿ. ಹೊಡೆಯುವವರಿಗೂ ಇದೇ ಅಪಾಯ.

ಬಳಸಿದ ಎಂಜಿನ್ ಆಯಿಲ್ ಹಚ್ಚಿದರೆ ಹುಳು ಉಸಿರುಗಟ್ಟಬಹುದು. ಆದರೆ ಅದರಲ್ಲಿ ಸೀಸದಂಥ ಲೋಹಗಳು ಇರಬಹುದು. ಮೇಕೆ ಮೈ ನೆಕ್ಕುತ್ತದೆ, ಮರಿ ಕೆಚ್ಚಲಿಗೆ ಬಾಯಿ ಹಾಕುತ್ತದೆ. ಸೀಮೆಎಣ್ಣೆ, ಡೀಸೆಲ್ ಚರ್ಮ ಸುಡುತ್ತವೆ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಚರ್ಮದ ಮೂಲಕ ಇಳಿಯುವ ವಿಷ. ಗಾಯವಿರುವ ಚರ್ಮ, ಎಳೆ ಮರಿ ಎಂದರಂತೂ ಕೇಳುವುದೇ ಬೇಡ.

ಬೇವಿನ ಬಗ್ಗೆ ಕೇಳುವವರಿದ್ದಾರೆ. ಬೇವಿನ ಬೀಜದಲ್ಲಿರುವ ವಸ್ತುಗಳು ಕೀಟಗಳ ಬೆಳವಣಿಗೆಯನ್ನು ತಡೆಯುತ್ತವೆ, ಅವನ್ನು ಸ್ವಲ್ಪ ದೂರವೂ ಇಡುತ್ತವೆ. ಕಾಟ ಕಡಿಮೆ ಇರುವಾಗ ಸಹಾಯಕ್ಕೆ ಬರುತ್ತದೆ. ಆದರೆ ಮನೆಯಲ್ಲಿ ಮಾಡುವ ಕಷಾಯದ ಶಕ್ತಿ ಒಂದೊಂದು ಸಲಕ್ಕೆ ಒಂದೊಂದು ಥರ ಇರುತ್ತದೆ. ಮೈತುಂಬ ಉಣ್ಣೆ ತುಂಬಿ ರೆಪ್ಪೆ ಬಿಳಿಚಿದ ಮೇಕೆಗೆ ಬೇವಿನ ಎಣ್ಣೆ ಹಚ್ಚುತ್ತಾ ದಿನ ಕಳೆದರೆ ಮೇಕೆ ಕೈತಪ್ಪುತ್ತದೆ.

ಹಾಗಾದರೆ ಏನು ಮಾಡಬೇಕು?

ಖರ್ಚು ಕಡಿಮೆ ಇರುವುದರಿಂದಲೇ ಶುರುಮಾಡೋಣ.

ವಾರಕ್ಕೊಮ್ಮೆ ಮೈ ನೋಡಿ. ಕಿವಿಯ ಒಳಗೆ, ಬಾಲದ ಬುಡ, ತೊಡೆ ಸಂದು, ಕೆಚ್ಚಲಿನ ಸುತ್ತ ಕೂದಲು ಸರಿಸಿ ಪರೀಕ್ಷಿಸಿ. ಕಣ್ಣಿನ ಕೆಳರೆಪ್ಪೆ ಎಳೆದು ಒಳಭಾಗದ ಬಣ್ಣ ನೋಡಿ. ಕೆಂಪಗಿದ್ದರೆ ಸರಿ, ಬಿಳಿಚಿದ್ದರೆ ಡಾಕ್ಟರಿಗೆ ತೋರಿಸಿ.

ಮೇವಿನಲ್ಲಿ ಹಸಿರು ಇರಲಿ. ನುಗ್ಗೆ, ಅಗಸೆ, ಸುಬಾಬುಲ್, ಬೇಲಿ ಮೆಂತೆ ಬದುವಿನಲ್ಲಿ ನಾಲ್ಕು ಗಿಡ ಇದ್ದರೂ ಬೇಸಿಗೆಯಲ್ಲಿ ವಿಟಮಿನ್ ಎ ಚಿಂತೆ ಬಹುಪಾಲು ಹೋಗುತ್ತದೆ. ಸುಬಾಬುಲ್ ಒಂದನ್ನೇ ರಾಶಿ ಹಾಕಬೇಡಿ, ಬೇರೆ ಮೇವಿನ ಜೊತೆ ಬೆರೆಸಿ.

ಖನಿಜ ಮಿಶ್ರಣ ಕೊಡಿ. ದೊಡ್ಡ ಮೇಕೆಗೆ ದಿನಕ್ಕೆ 5ರಿಂದ 10 ಗ್ರಾಂ ಸಾಮಾನ್ಯ ಪ್ರಮಾಣ, ಚೀಲದ ಮೇಲೆ ಬರೆದಿದ್ದನ್ನು ನೋಡಿ. ಇದರಲ್ಲಿರುವ ಕೋಬಾಲ್ಟ್ ಇಲ್ಲದೆ ಹೊಟ್ಟೆಯ ಸೂಕ್ಷ್ಮಜೀವಿಗಳು ಬಿ12 ಮಾಡಲಾರವು. ಕುರಿ, ಮೇಕೆ ಒಟ್ಟಿಗೆ ಇಟ್ಟವರು ಒಂದು ವಿಷಯ ಗಮನಿಸಿ: ಮೇಕೆಗೆ ತಾಮ್ರ ಹೆಚ್ಚು ಬೇಕು, ಕುರಿಗೆ ಅಷ್ಟೇ ತಾಮ್ರ ವಿಷವಾಗಬಹುದು. ದನದ ಅಥವಾ ಮೇಕೆಯ ಮಿಶ್ರಣವನ್ನು ಕುರಿಗೆ ದಿನಾ ತಿನ್ನಿಸಬೇಡಿ.

ಹುಳುವಿಗೆ ಮದ್ದು ಹಾಕುವ ದಿನ ಎಲ್ಲ ಮೇಕೆಗೂ ಒಂದೇ ದಿನ ಹಾಕಿ. ಒಂದನ್ನು ಬಿಟ್ಟರೆ ಅದೇ ಬೀಜವಾಗುತ್ತದೆ. ಅಂದಾಜಿನ ಮೇಲೆ ಬೇಡ, ತೂಕ ನೋಡಿ. ಕಡಿಮೆ ಪ್ರಮಾಣದ ಮದ್ದನ್ನು ಮತ್ತೆ ಮತ್ತೆ ಹಾಕಿದರೆ ಬಲವಾದ ಹುಳುಗಳು ಉಳಿದು ಅವುಗಳ ಸಂತತಿಗೆ ಆ ಮದ್ದು ನಾಟದಂತಾಗುತ್ತದೆ. ಮೈಗೆ ಹೊಡೆಯುವ ಮದ್ದಾದರೆ ಮೊದಲು ನೀರು ಕುಡಿಸಿ, ತಂಪು ಹೊತ್ತಿನಲ್ಲಿ ಹೊಡೆಯಿರಿ. ಒಣಗುವವರೆಗೆ ನೆಕ್ಕದಂತೆ ನೋಡಿಕೊಳ್ಳಿ. ಕೈಗವಸು ಹಾಕಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿ.

ಅದೇ ದಿನ ಕೊಟ್ಟಿಗೆ ಗುಡಿಸಿ, ಬಿರುಕು ಮೆತ್ತಿ, ಗೋಡೆಗೆ ಸುಣ್ಣ ಬಳಿಯಿರಿ. ಹಿಕ್ಕೆಯನ್ನು ದೂರದ ತಿಪ್ಪೆಗೆ ಹಾಕಿ. ನಾಟಿ ಕೋಳಿಗಳು ಉಣ್ಣೆ ಹೆಕ್ಕಿ ತಿನ್ನುತ್ತವೆ, ಅದೂ ಒಂದು ಸಹಾಯ. ಸಂತೆಯಿಂದ ತಂದ ಹೊಸ ಮೇಕೆಯನ್ನು ಎರಡು ಮೂರು ವಾರ ಬೇರೆ ಕಟ್ಟಿ, ಹುಳು ಇಲ್ಲ ಎಂದು ಖಾತ್ರಿಯಾದ ಮೇಲೆ ಹಿಂಡಿಗೆ ಸೇರಿಸಿ.

ಉಣ್ಣೆ ಮೇಕೆಯೊಬ್ಬಳದೇ ತೊಂದರೆಯಲ್ಲ

ಇದನ್ನು ಹೇಳದೆ ಮುಗಿಸುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಪತ್ತೆಯಾದ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ವೈರಸ್ ಹೊತ್ತ ಉಣುಗು ಕಚ್ಚಿದಾಗ. ಕಾಡಿನಲ್ಲಿ ಮೇಯ್ದು ಬರುವ ಜಾನುವಾರುಗಳ ಮೈಮೇಲೆ ಉಣುಗುಗಳು ಬದುಕಿ, ಹೆಚ್ಚುತ್ತವೆ. ಮಲೆನಾಡಿನ ಕಾಡಂಚಿನ ಮನೆಗಳಲ್ಲಿ ಜಾನುವಾರುಗಳ ಉಣುಗು ನಿಯಂತ್ರಣ ಮನೆಮಂದಿಯ ರಕ್ಷಣೆಯೂ ಹೌದು. ಗುಜರಾತಿನಲ್ಲಿ 2011ರಲ್ಲಿ ಕಾಣಿಸಿಕೊಂಡ ಕ್ರಿಮಿಯನ್ ಕಾಂಗೋ ಜ್ವರವೂ ಉಣ್ಣೆಯಿಂದ ಹರಡುವಂಥದ್ದೇ.

ಆದ್ದರಿಂದ ಉಣ್ಣೆಯನ್ನು ಬರಿಗೈಲಿ ಕಿತ್ತು ಉಗುರಿನಲ್ಲಿ ಹಿಸುಕಬೇಡಿ. ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆದು, ಸೋಪಿನ ನೀರಿಗೆ ಹಾಕಿ. ಬೆಂಕಿಕಡ್ಡಿಯಿಂದ ಸುಡುವುದು ಬೇಡ. ಆಮೇಲೆ ಕೈ ತೊಳೆಯಿರಿ. ಕಾಡಿಗೆ ಹೋಗಿಬಂದ ಮೇಲೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಯಲ್ಲಿ ಉಣುಗಿನ ವಿಷಯವನ್ನೂ ಹೇಳಿ.

ಒಟ್ಟಿನಲ್ಲಿ ನಿಜ ಏನು?

ವಿಟಮಿನ್ ಇಂಜೆಕ್ಷನ್ ಕೊಟ್ಟರೆ ಉಣ್ಣೆ, ಹೇನು ಬರುವುದಿಲ್ಲ: ಸುಳ್ಳು.

ಬಿ1 ಮಾತ್ರೆ ಹುಳುವನ್ನು ಓಡಿಸುತ್ತದೆ: ಸುಳ್ಳು. ಆದರೆ ತಲೆ ಹಿಂದೆ ಬಾಗಿ ಕಣ್ಣು ಕಾಣದಾದ ಮೇಕೆಗೆ ಡಾಕ್ಟರು ಕೊಡುವ ಬಿ1 ಜೀವ ಉಳಿಸಬಲ್ಲದು.

ಗಂಧಕ ತಿನ್ನಿಸಿದರೆ ಒಳ್ಳೆಯದು: ಸುಳ್ಳು, ಅಪಾಯಕಾರಿ.

ಚೆನ್ನಾಗಿ ತಿಂದ ಮೇಕೆ ಹುಳುವಿನ ಕಾಟವನ್ನು ಹೆಚ್ಚು ತಾಳುತ್ತದೆ: ನಿಜ.

ಮೇಕೆಗೆ ಮದ್ದು ಹಾಕಿದರೆ ಸಾಕು, ಕೊಟ್ಟಿಗೆ ಬೇಡ: ಸುಳ್ಳು.

ಅನುಮಾನ ಬಂದಾಗ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಪಶು ಸಂಜೀವಿನಿ ಸೇವೆಯ 1962ಕ್ಕೆ ಕರೆ ಮಾಡಿ, ಇದು ಉಚಿತ ಕರೆ. ಇನ್ನು ಮುಂದೆ ಗುಂಪಿನಲ್ಲಿ ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ: ಯಾವ ಹುಳುವಿಗೆ? ಯಾವ ಔಷಧ, ಶೇಕಡಾ ಎಷ್ಟರದ್ದು? ಎಷ್ಟು ತೂಕದ ಮೇಕೆಗೆ? ಈ ಮೂರಕ್ಕೆ ಉತ್ತರ ಇಲ್ಲದ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಮುಂದೆ ಅದನ್ನು ಓದುವವರ ಕೊಟ್ಟಿಗೆಯಲ್ಲೂ ನಾಲ್ಕೇ ಮೇಕೆ ಇರಬಹುದು.